ಮೊದಲು ಕಿವಿ, ಆಮೇಲೆ ಕಣ್ಣು

ಅಮೆರಿಕದಲ್ಲಿ ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವ ಕುಟುಂಬಗಳ ನಡುವೆ ‘ಕ್ಲಾಸಿಕಲ್’ ಶಿಕ್ಷಣಕ್ಕೆ ದೊಡ್ಡ ಹೆಸರಿದೆ. ಅಲ್ಲಿ ನೆಲೆಸಿದ ಕನ್ನಡಿಗರ ಬಾಯಲ್ಲೂ, ಬೆಂಗಳೂರಿನ ಹೋಮ್‌ಸ್ಕೂಲ್ ಪಾಲಕರ ಬಾಯಲ್ಲೂ ಈ ಮಾತು ಕೇಳಿಬರುತ್ತದೆ. ಹೆಸರು ಬಂದ ಕಡೆ ವ್ಯಾಪಾರವೂ ಬರುತ್ತದೆ. ನಾಲ್ಕು ವರ್ಷದ ಮಗುವಿಗೆ ಲ್ಯಾಟಿನ್ ವಿಭಕ್ತಿಗಳ ಹಾಡು, ಇತಿಹಾಸದ ಇಸವಿಗಳ ಹಾಡು, ವಾರಕ್ಕಿಷ್ಟು ಪಾಠ ಎಂದು ಅಚ್ಚುಹಾಕಿದ ಪಟ್ಟಿ, ಎಲ್ಲ ಸಿದ್ಧವಾಗಿ ಸಿಗುತ್ತದೆ. ಕೊಂಡು ತಂದ ಅಪ್ಪ-ಅಮ್ಮ ಎರಡು ವಾರ ಹುಮ್ಮಸ್ಸಿನಲ್ಲಿ ನಡೆಸುತ್ತಾರೆ. ಮೂರನೆಯ ವಾರ ಮಗು ಮೇಜಿನ ಕೆಳಗೆ ಹೋಗಿ ಕೂರುತ್ತದೆ.

ತಪ್ಪು ಮಗುವಿನದಲ್ಲ, ಪದ್ಧತಿಯದೂ ಅಲ್ಲ. ಈ ದಾರಿಯನ್ನು ಹಾಕಿಕೊಟ್ಟವರು ಆರು ವರ್ಷದೊಳಗಿನ ಮಕ್ಕಳ ಬಗ್ಗೆ ಹೇಳಿದ್ದೇ ಬೇರೆ. ಒಳ್ಳೆಯ ಮಾತು ಕಿವಿಗೆ ಬೀಳಲಿ, ಬಿದ್ದದ್ದು ಬಾಯಿಗೆ ಬರಲಿ, ಕಣ್ಣಿಗೂ ಪೆನ್ಸಿಲ್ಲಿಗೂ ಕೆಲಸ ಕೊಡುವುದು ಆಮೇಲೆ ನೋಡೋಣ ಎಂಬುದು ಅವರ ಲೆಕ್ಕ. ಆ ಲೆಕ್ಕವನ್ನು ಒಂದು ಕನ್ನಡದ ಮನೆಯಲ್ಲಿ ದಿನದಿನದ ಕೆಲಸವಾಗಿ ಹೇಗೆ ನಡೆಸಬಹುದು ಎಂಬುದೇ ಇಲ್ಲಿನ ವಿಷಯ.

ಹಳಬರು ಹೇಳಿದ್ದು

ಪದ್ಧತಿಯ ಬೇರು ಮಧ್ಯಯುಗದ ಯುರೋಪಿನ ‘ಟ್ರಿವಿಯಂ’ನಲ್ಲಿದೆ: ವ್ಯಾಕರಣ, ತರ್ಕ, ವಾಕ್ಚಾತುರ್ಯ ಎಂಬ ಮೂರು ವಿದ್ಯೆಗಳು. 1947ರಲ್ಲಿ ಇಂಗ್ಲೆಂಡಿನ ಪತ್ತೇದಾರಿ ಕಾದಂಬರಿಕಾರ್ತಿ ಡೊರೊತಿ ಸೇಯರ್ಸ್ ಆಕ್ಸ್‌ಫರ್ಡಿನಲ್ಲಿ ಒಂದು ಉಪನ್ಯಾಸ ಕೊಟ್ಟು, ಈ ಮೂರನ್ನೂ ಮಕ್ಕಳ ಬೆಳವಣಿಗೆಯ ಮೂರು ಹಂತಗಳಿಗೆ ಹೊಂದಿಸಿದರು. ಗಿಳಿಯ ಹಾಗೆ ಕೇಳಿದ್ದನ್ನೆಲ್ಲ ಒಪ್ಪಿಸುವ ವಯಸ್ಸು, ಎಲ್ಲದಕ್ಕೂ ಎದುರುವಾದ ಹೂಡುವ ವಯಸ್ಸು, ತನ್ನನ್ನು ತಾನು ಹೇಳಿಕೊಳ್ಳಲು ಹಂಬಲಿಸುವ ವಯಸ್ಸು. ‘ದ ಲಾಸ್ಟ್ ಟೂಲ್ಸ್ ಆಫ್ ಲರ್ನಿಂಗ್’ ಎಂಬ ಆ ಉಪನ್ಯಾಸವನ್ನು ಹೊಗಳುವವರೆಲ್ಲ ಮರೆಯುವ ಸಂಗತಿ ಒಂದಿದೆ. ಸೇಯರ್ಸ್ ಗಿಳಿಪಾಠ ಶುರುವಾಗುವುದು ಸುಮಾರು ಒಂಬತ್ತನೇ ವಯಸ್ಸಿಗೆ ಎಂದಿದ್ದರು, ಅದೂ ಓದು, ಬರಹ, ಸರಳ ಲೆಕ್ಕ ಬಂದ ಮೇಲೆ. ಮಕ್ಕಳ ಮನಶ್ಶಾಸ್ತ್ರದ ಬಗ್ಗೆ ತಮ್ಮ ಅಭಿಪ್ರಾಯ ಪಂಡಿತರು ಒಪ್ಪುವಂಥದ್ದಲ್ಲ ಎಂದೂ ಅವರೇ ಹೇಳಿಕೊಂಡಿದ್ದರು. ಶಿಕ್ಷಕಿಯಾಗಿದ್ದ ಜೆಸ್ಸಿ ವೈಸ್ ಮತ್ತು ಆಕೆ ಮನೆಯಲ್ಲೇ ಓದಿಸಿದ ಮಗಳು ಸೂಸನ್ ವೈಸ್ ಬಾವರ್ 1999ರಲ್ಲಿ ‘ದ ವೆಲ್-ಟ್ರೇನ್ಡ್ ಮೈಂಡ್’ ಬರೆದಾಗ ಗಿಳಿಪಾಠದ ಹಂತ ಒಂದರಿಂದ ನಾಲ್ಕನೇ ತರಗತಿಗೆ ಇಳಿಯಿತು. ಅಲ್ಲಿಂದಾಚೆ ಮಾರುಕಟ್ಟೆ ಅದನ್ನು ತೊಟ್ಟಿಲಿನವರೆಗೂ ಇಳಿಸಿದೆ.

ಇನ್ನೂ ಹಿಂದಕ್ಕೆ ಹೋದರೆ ಮಾತು ಮತ್ತೂ ಸ್ಪಷ್ಟ. ಅರಿಸ್ಟಾಟಲ್ ‘ಪಾಲಿಟಿಕ್ಸ್’ನಲ್ಲಿ, ಐದು ವರ್ಷದವರೆಗೆ ಮಗುವಿಗೆ ಪಾಠವನ್ನಾಗಲಿ ಕಡ್ಡಾಯದ ದುಡಿಮೆಯನ್ನಾಗಲಿ ಹೊರಿಸಬಾರದು, ಓಡಾಟ ಆಟ ಸಾಕು ಎನ್ನುತ್ತಾನೆ. ಐದರಿಂದ ಏಳರವರೆಗೆ, ಮುಂದೆ ತಾನು ಕಲಿಯಬೇಕಾದ್ದನ್ನು ಮಗು ನೋಡುತ್ತಾ ಇರಬೇಕು. ಕಲಿಯುವುದಲ್ಲ, ನೋಡುವುದು. ಬಲವಂತದಿಂದ ತುಂಬಿಸಿದ ವಿದ್ಯೆ ಮನಸ್ಸಿನಲ್ಲಿ ನಿಲ್ಲುವುದಿಲ್ಲ ಎಂದು ಅವನ ಗುರು ಪ್ಲೇಟೋ ಮೊದಲೇ ಬರೆದಿದ್ದ.

ನನಗೆ ಹೆಚ್ಚು ಹಿಡಿಸುವವನು ಒಂದನೇ ಶತಮಾನದ ರೋಮನ್ ಅಧ್ಯಾಪಕ ಕ್ವಿಂಟಿಲಿಯನ್. ಸ್ಪೇನಿನಲ್ಲಿ ಹುಟ್ಟಿ ರೋಮಿನಲ್ಲಿ ಭಾಷಣಕಲೆ ಕಲಿಸಿದವನು. ದೊಡ್ಡ ವಾಗ್ಮಿಯನ್ನು ತಯಾರು ಮಾಡುವುದು ಹೇಗೆ ಎಂದು ಹನ್ನೆರಡು ಸಂಪುಟ ಬರೆಯಲು ಹೊರಟವನು ಶುರುಮಾಡಿದ್ದು ಮಗುವನ್ನು ಎತ್ತಿಕೊಳ್ಳುವ ದಾದಿಯಿಂದ. ಅವಳ ಮಾತು ಶುದ್ಧವಾಗಿರಲಿ, ಮಗು ಮೊದಲು ಕೇಳುವುದು ಅವಳದ್ದನ್ನೇ ಎಂದ. ಏಳು ವರ್ಷಕ್ಕೆ ಮೊದಲು ಏನೂ ಬೇಡ ಎನ್ನುವವರನ್ನು ಅವನು ಒಪ್ಪುವುದಿಲ್ಲ. ಆದರೆ ಆ ವಯಸ್ಸಿನ ಕಲಿಕೆ ಆಟವಾಗಿರಬೇಕು, ಈಗ ಓದನ್ನು ದ್ವೇಷಿಸಲು ಕಲಿತರೆ ಆ ಕಹಿ ಮುಂದೆಯೂ ಹೋಗುವುದಿಲ್ಲ ಎಂದು ಎಚ್ಚರಿಸುತ್ತಾನೆ. ಆಡಲು ದಂತದ ಅಕ್ಷರಗಳನ್ನು ಕೊಡಿ, ಹಲಗೆಯಲ್ಲಿ ಅಕ್ಷರ ಕೊರೆದು ಆ ಗೀರಿನಲ್ಲೇ ಕಡ್ಡಿ ಆಡಿಸಲು ಬಿಡಿ ಎಂಬಂಥ ಉಪಾಯಗಳೂ ಅವನಲ್ಲಿವೆ.

ನಮ್ಮ ಕಡೆಯ ಹಳೆಯ ಕ್ರಮ ಇದಕ್ಕೆ ತೀರಾ ದೂರದ್ದಲ್ಲ. ಚೌಲ, ಅಂದರೆ ಮೊದಲ ಕೂದಲು ತೆಗೆಸುವ ಶಾಸ್ತ್ರ, ಆದ ಮೇಲೆ ರಾಜಕುಮಾರನಿಗೆ ಲಿಪಿ ಮತ್ತು ಸಂಖ್ಯೆ ಹೇಳಿಕೊಡಬೇಕು ಎಂದು ಕೌಟಿಲ್ಯನ ಅರ್ಥಶಾಸ್ತ್ರ ಹೇಳುತ್ತದೆ. ಹಳೆಯ ಊರಶಾಲೆಗಳಾದ ಕೂಲಿಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದಿದರು, ಮಗ್ಗಿಯನ್ನು ರಾಗವಾಗಿ ಕೂಗಿದರು. ಅಲ್ಲಿಂದ ತೆಗೆದುಕೊಳ್ಳಬೇಕಾದ್ದು ಮರಳು ಮತ್ತು ರಾಗ. ಬೆತ್ತವನ್ನು ಅಲ್ಲೇ ಬಿಟ್ಟು ಬರಬಹುದು.

ಗಟ್ಟಿಯಾಗಿ ಓದುವುದು

ಶಾಲೆಗೆ ಮುಂಚಿನ ಮೂರು ವರ್ಷಗಳಲ್ಲಿ ಒಂದೇ ಒಂದು ಕೆಲಸ ಮಾಡಲು ಪುರುಸೊತ್ತಿದೆ ಎಂದಾದರೆ, ಅದು ದಿನಾ ಗಟ್ಟಿಯಾಗಿ ಓದಿ ಹೇಳುವುದೇ ಆಗಿರಲಿ. ಕನ್ನಡಕ್ಕೆ ಇದು ಇಂಗ್ಲಿಷಿಗಿಂತ ಹೆಚ್ಚು ಬೇಕು. ಕಾರಣ ಸರಳ: ನಾವು ಆಡುವ ಕನ್ನಡವೇ ಬೇರೆ, ಅಚ್ಚಾಗುವ ಕನ್ನಡವೇ ಬೇರೆ. ಮೈಸೂರಿನ ಮಗು ‘ಬರ್ತಾನೆ’ ಎಂದು ಕೇಳಿ ಬೆಳೆದಿರುತ್ತದೆ, ಧಾರವಾಡದ ಮಗು ‘ಬರ್ತಾನ’ ಎಂದು. ಪುಸ್ತಕ ಎರಡನ್ನೂ ಬಿಟ್ಟು ‘ಬರುತ್ತಾನೆ’ ಎನ್ನುತ್ತದೆ. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡುವ ಮಗುವಿಗೆ ಈ ಅಂತರ ಇನ್ನೂ ಒಂದು ಕೈ ಹೆಚ್ಚು. ಗ್ರಾಂಥಿಕ ಕನ್ನಡವನ್ನು ಮಗು ಮೊದಲ ಸಲ ಎದುರಿಸುವುದು ಒಂದನೇ ತರಗತಿಯ ಪುಟದಲ್ಲೇ ಆದರೆ, ಅಕ್ಷರ ಬಿಡಿಸುವ ಕಷ್ಟ, ಅಪರಿಚಿತ ಮಾತಿನ ಕಷ್ಟ, ಎರಡೂ ಒಟ್ಟಿಗೇ ಮೇಲೆ ಬೀಳುತ್ತವೆ. ಮೂರು ವರ್ಷ ಕಥೆ ಕೇಳಿದ ಮಗುವಿಗೆ ‘ಹೋಗುತ್ತಿದ್ದನು’ ಎಂಬುದು ಕಥೆ ಮಾತಾಡುವ ರೀತಿ, ಅಷ್ಟೆ. ಅದರಲ್ಲಿ ವಿಚಿತ್ರವೇನೂ ಕಾಣದು.

ಹಾಗಾಗಿ ಓದುವಾಗ ಪುಸ್ತಕದಲ್ಲಿದ್ದ ಹಾಗೆಯೇ ಓದಿ. ಸುಲಭವಾಗಲಿ ಎಂದು ಪ್ರತಿ ವಾಕ್ಯವನ್ನೂ ಆಡುಮಾತಿಗೆ ಇಳಿಸುವವರಿದ್ದಾರೆ. ಬಾಯಿಕಥೆ ಹೇಳುವಾಗ ಅದು ಸರಿ, ಪುಸ್ತಕ ಹಿಡಿದಾಗ ಬೇಡ. ಗೊತ್ತಿಲ್ಲದ ಪದ ಬಂದಾಗಲೆಲ್ಲ ನಿಂತು ಅರ್ಥ ಹೇಳಬೇಕಿಲ್ಲ. ಕೇಳಿದರೆ ಹೇಳಿ, ಕೇಳದಿದ್ದರೆ ಮುಂದೆ ಹೋಗಿ. ಮಗು ಒಂದೇ ಪುಸ್ತಕವನ್ನು ಇಪ್ಪತ್ತನೇ ಸಲ ತಂದುಕೊಟ್ಟರೆ ಬೇಸರವಾಗುವುದು ನಿಮಗೆ, ಅದಕ್ಕಲ್ಲ. ಆ ಇಪ್ಪತ್ತನೇ ಸಲದಲ್ಲೇ ವಾಕ್ಯದ ನಡೆ ಅದರ ನಾಲಿಗೆಗೆ ಇಳಿಯುವುದು.

ಏನು ಓದಬೇಕು? ಪಂಚತಂತ್ರ, ಜಾತಕ ಕಥೆಗಳು, ಈಸೋಪ, ರಾಮಾಯಣ-ಭಾರತದ ಬಿಡಿ ಪ್ರಸಂಗಗಳು, ಅಡುಗೂಲಜ್ಜಿ ಕಥೆಗಳು. ಸಾವಿರ ವರ್ಷ ಕೇಳಿಸಿಕೊಂಡು ಉಳಿದ ಕಥೆಗೆ ಒಂದು ಗಟ್ಟಿತನ ಇರುತ್ತದೆ. ಪಂಚತಂತ್ರ ಕನ್ನಡಕ್ಕೆ ಬಂದದ್ದೇ ಹನ್ನೊಂದನೇ ಶತಮಾನದಲ್ಲಿ, ದುರ್ಗಸಿಂಹನ ಕೈಯಲ್ಲಿ. ಹೊಸ ಚಿತ್ರಪುಸ್ತಕಗಳೂ ಬೇಕು. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರ ಕನ್ನಡ ಪುಸ್ತಕಗಳು ಕಡಿಮೆ ಬೆಲೆಗೆ ಸಿಗುತ್ತವೆ, ಅವರ ‘ಸ್ಟೋರಿವೀವರ್’ ತಾಣದಲ್ಲಿ ಕಾಸಿಲ್ಲದೆ ಓದಲೂಬಹುದು. ನ್ಯಾಷನಲ್ ಬುಕ್ ಟ್ರಸ್ಟಿನ ಮಕ್ಕಳ ಪುಸ್ತಕಗಳೂ ಅಗ್ಗವೇ. ಕೊಳ್ಳುವ ಮುಂಚೆ ಒಂದು ಪುಟ ಅಂಗಡಿಯಲ್ಲೇ ಮೆಲ್ಲಗೆ ಬಾಯಿಬಿಟ್ಟು ಓದಿ ನೋಡಿ. ಇಂಗ್ಲಿಷಿನಿಂದ ಎತ್ತಿಳಿಸಿದ ವಾಕ್ಯ ನಾಲಿಗೆಗೆ ತಡೆಯುತ್ತದೆ, ಅಂಥದ್ದನ್ನು ವಾಪಸ್ ಇಟ್ಟುಬಿಡಿ.

ಕೇಳಿದ ಕಥೆಯನ್ನು ಮಗುವಿನ ಬಾಯಿಂದ ಹೇಳಿಸುವುದು ಈ ಪದ್ಧತಿಯ ಮುಖ್ಯ ಕಸುಬು. ಅದು ನಡೆಯುವ ಬಗೆ ಹೀಗೆ. ನಾಲ್ಕೂವರೆ ವರ್ಷದ ಹುಡುಗಿಗೆ ಅಜ್ಜಿ ಕೋತಿ-ಮೊಸಳೆ ಕಥೆ ಓದಿ ಮುಗಿಸಿದ್ದಾರೆ. ಪುಸ್ತಕ ಮುಚ್ಚಿ, “ಈಗ ನೀನು ನಂಗೆ ಹೇಳ್ತೀಯಾ ಪುಟ್ಟಿ?” ಅನ್ನುತ್ತಾರೆ.

“ಒಂದು ಕೋತಿ ಇತ್ತು. ನೇರಳೆ ಹಣ್ಣು ತಿಂತಿತ್ತು. ಮೊಸಳೆಗೂ ಕೊಡ್ತು. ಆಮೇಲೆ ಮೊಸಳೆ ಹೆಂಡ್ತಿ ಕೋತಿನೇ ಬೇಕು ಅಂತು.”

“ಹೂಂ.”

“ಆಮೇಲೆ ಇಬ್ರೂ ನೀರಲ್ಲಿ ಹೋದ್ರು. ಆಮೇಲೆ ಕೋತಿ ಮರ ಹತ್ತಿಬಿಡ್ತು.”

“ಅಲ್ವೇ, ಮೊಸಳೆ ಬೆನ್ನ ಮೇಲಿದ್ದ ಕೋತಿ ಮರಕ್ಕೆ ಹೆಂಗೆ ಬಂತು?”

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೃದಯ ಮರದಲ್ಲೇ ಬಿಟ್ಟುಬಂದಿದೀನಿ ಅಂತ ಸುಳ್ಳು ಹೇಳ್ತು ಅಜ್ಜಿ. ಮೊಸಳೆ ನಂಬಿಬಿಡ್ತು. ಅದನ್ನ ಹೆಂಗೆ ಬಿಟ್ಟು ಬರಕ್ಕಾಗತ್ತೆ!”

ಅಜ್ಜಿ ಇಲ್ಲಿ ಕೇಳಿದ್ದು ಒಂದೇ ಪ್ರಶ್ನೆ, ಅದೂ ಕಥೆಯ ಕೊಂಡಿ ಕಳಚಿದ ಜಾಗದಲ್ಲಿ. ‘ಮೊಸಳೆಯ ಹೆಂಡತಿ ಏನು ಕೇಳಿದಳು’, ‘ಇದರ ನೀತಿ ಏನು’ ಎಂದು ಪರೀಕ್ಷೆಗೆ ಇಳಿಯಲಿಲ್ಲ. ಹುಡುಗಿ ಮಾತ್ರ ಕಥೆಯನ್ನು ಸಾಲಾಗಿ ಜೋಡಿಸಿದಳು, ಕಾರಣ ಹುಡುಕಿದಳು, ಕೊನೆಗೆ ಮೊಸಳೆಯ ಪೆದ್ದುತನವನ್ನು ತಾನೇ ಎತ್ತಿ ಹಿಡಿದಳು. ವ್ಯಾಕರಣ, ತರ್ಕ, ವಾಕ್ಚಾತುರ್ಯ ಎಂದು ದೊಡ್ಡ ಹೆಸರಿಟ್ಟದ್ದು ಇದಕ್ಕೇ. ಆದರೂ ಇದನ್ನು ದಿನಾ ಕಡ್ಡಾಯ ಮಾಡಬಾರದು. ಹೀಗೆ ಕಥೆ ಹೇಳಿಸುವುದನ್ನು ಕ್ರಮವಾಗಿ ಬಳಸಿದ ಇಂಗ್ಲೆಂಡಿನ ಶಿಕ್ಷಣತಜ್ಞೆ ಶಾರ್ಲೆಟ್ ಮೇಸನ್ (1842–1923), ಆರು ವರ್ಷದವರೆಗೆ ಮಗು ತನಗೆ ಮನಸ್ಸಾದಾಗ, ಮನಸ್ಸಾದಷ್ಟನ್ನು ಮಾತ್ರ ಹೇಳಲಿ ಎಂದಿದ್ದರು. ಹುಡುಗಿ “ಊಹೂಂ” ಅಂದಿದ್ದರೆ ಅಜ್ಜಿ ಪುಸ್ತಕ ತೆಗೆದಿಟ್ಟು ಎದ್ದುಹೋಗಬೇಕಿತ್ತು.

ಬಾಯಿಪಾಠ

ಉರು ಹೊಡೆಯುವುದನ್ನು ಬೈಯುವುದು ನಮ್ಮ ಕಾಲದ ಒಂದು ರೂಢಿ. ಅರ್ಥವಾಗದ ಉತ್ತರವನ್ನು ಪರೀಕ್ಷೆಗೆ ಉರು ಹೊಡೆಸುವುದಾದರೆ ಬೈಗುಳ ನ್ಯಾಯವೇ. ಆದರೆ ಪದ್ಯವನ್ನು ಬಾಯಿಪಾಠ ಮಾಡುವುದು ಬೇರೆ. ಮೂರು-ನಾಲ್ಕು ವರ್ಷದ ಮಗು ಬೇಡವೆಂದರೂ ಮಾಡಿಯೇ ಮಾಡುತ್ತದೆ, ಟಿವಿ ಜಾಹೀರಾತಿನ ಹಾಡುಗಳೇ ಸಾಕ್ಷಿ. ಹೇಗೂ ಏನೋ ಒಂದು ತುಂಬಿಕೊಳ್ಳುವ ಜಾಗಕ್ಕೆ ಒಳ್ಳೆಯದನ್ನು ಆರಿಸಿ ಇಡುವುದಷ್ಟೇ ಇಲ್ಲಿ ದೊಡ್ಡವರ ಪಾಲು.

ಆರಿಸಲು ಕನ್ನಡದಲ್ಲಿ ಬಡತನವಿಲ್ಲ. ಪಂಜೆ ಮಂಗೇಶರಾಯರ, ಜಿ.ಪಿ. ರಾಜರತ್ನಂ ಅವರ ಮಕ್ಕಳ ಪದ್ಯಗಳಿವೆ. ಗೋವಿನ ಹಾಡು ಇದೆ. ಉದ್ದವಿದೆ ಎಂದು ಹೆದರಬೇಡಿ, ಪುಣ್ಯಕೋಟಿ ಹುಲಿಗೆ ಮಾತು ಕೊಡುವ ಭಾಗವನ್ನು ಮಕ್ಕಳೇ ಮತ್ತೆ ಮತ್ತೆ ಕೇಳುತ್ತಾರೆ. ಚಿಕ್ಕ ವಚನಗಳಿವೆ, ಒಗಟುಗಳಿವೆ. ವಾರಗಳ ಹೆಸರು, ತಿಂಗಳುಗಳು, ಮನೆಯ ವಿಳಾಸ, ಅಪ್ಪನ ಫೋನ್ ನಂಬರ್ ಕೂಡ ಬಾಯಿಪಾಠಕ್ಕೆ ಯೋಗ್ಯವೇ. ಫೋನ್ ನಂಬರನ್ನು ರಾಗ ಹಾಕಿ ಹೇಳಿಕೊಟ್ಟರೆ ಜಾತ್ರೆಯಲ್ಲಿ ಮಗು ಕೈತಪ್ಪಿದ ದಿನ ಕೆಲಸಕ್ಕೆ ಬರುತ್ತದೆ. ಶ್ಲೋಕ ಹೇಳಿಸುವುದು ಬಿಡುವುದು ಮನೆಯವರಿಗೆ ಬಿಟ್ಟದ್ದು. ಸಂಸ್ಕೃತದ ಧ್ವನಿ ಕಿವಿಗೆ ಬೀಳಲಿ, ರಾಮಶಬ್ದದ ವಿಭಕ್ತಿಪಾಠ ಸದ್ಯಕ್ಕೆ ಬೇಡ.

ಮಾಡುವ ಕ್ರಮದಲ್ಲಿ ಸ್ವಲ್ಪ ಜಾಣತನ ಬೇಕು. ಒಂದು ಪದ್ಯ ಆರಿಸಿಕೊಂಡು ದಿನಾ ಒಂದೇ ಹೊತ್ತಿಗೆ ನೀವೇ ಹೇಳಿ. ಸ್ನಾನ ಮಾಡಿಸುವಾಗ, ತಲೆ ಬಾಚುವಾಗ, ಸ್ಕೂಟರ್ ಮೇಲೆ ಹೋಗುವಾಗ. ‘ನೀನೂ ಹೇಳು’ ಅನ್ನಬೇಡಿ. ವಾರವೋ ಹತ್ತು ದಿನವೋ ಕಳೆದ ಮೇಲೆ ಸಾಲಿನ ಕೊನೆಯ ಪದ ಬಂದಾಗ ಸುಮ್ಮನಾಗಿ, ಮಗು ತಾನಾಗಿ ತುಂಬುತ್ತದೆ. ಆಮೇಲೆ ಅರ್ಧ ಸಾಲು ಬಿಡಿ, ಆಮೇಲೆ ಒಂದು ಸಾಲು ನಿಮ್ಮದು ಒಂದು ಅದರದ್ದು. ಪೂರ್ತಿ ಬಂದ ದಿನ ಹೊಸ ಪದ್ಯಕ್ಕೆ ಹೋಗಿ, ಹಳೆಯದನ್ನು ಮಾತ್ರ ಬಿಡಬೇಡಿ. ಅಮೆರಿಕದ ಹೋಮ್‌ಸ್ಕೂಲ್ ಮನೆಗಳಲ್ಲಿ ಇದಕ್ಕೊಂದು ಸಣ್ಣ ಡಬ್ಬಿ ಇಡುತ್ತಾರೆ. ಒಂದೊಂದು ಪದ್ಯಕ್ಕೂ ಒಂದು ಕಾರ್ಡು. ಹೊಸ ಪದ್ಯದ ಕಾರ್ಡು ‘ದಿನಾ’ ಎಂಬ ಮನೆಯಲ್ಲಿರುತ್ತದೆ. ಬಂದ ಮೇಲೆ ಅದನ್ನು ‘ಸೋಮವಾರ’ ‘ಮಂಗಳವಾರ’ ಎಂಬ ಮನೆಗೆ ದಾಟಿಸುತ್ತಾರೆ, ಅಲ್ಲಿಗೆ ಅದು ವಾರಕ್ಕೊಮ್ಮೆ. ಚೆನ್ನಾಗಿ ಗಟ್ಟಿಯಾದ ಮೇಲೆ ತಾರೀಖಿನ ಮನೆಗೆ, ತಿಂಗಳಿಗೊಮ್ಮೆ. ಕಾರ್ಡು ನೋಡುವವರು ದೊಡ್ಡವರು, ಮಗುವಿಗೆ ಡಬ್ಬಿಯ ಗೊಡವೆ ಬೇಡ.

ಇನ್ನೊಂದು ಮಾತು. ಮನೆಗೆ ಬಂದ ನೆಂಟರ ಮುಂದೆ ಮಗುವನ್ನು ನಿಲ್ಲಿಸಿ “ಆಂಟಿಗೆ ಹಾಡು ಹೇಳು ಪುಟ್ಟಾ” ಅನ್ನುವ ನಮ್ಮ ಅಭ್ಯಾಸವಿದೆಯಲ್ಲ, ಅದು ಒಂದು ತಿಂಗಳ ಕೆಲಸವನ್ನು ಒಂದು ಸಂಜೆಯಲ್ಲಿ ಕೆಡಿಸಬಲ್ಲದು. ತಾನಾಗಿ ಹೇಳಿದರೆ ಕೇಳಿ ಖುಷಿಪಡಿ.

ಅಕ್ಷರಕ್ಕೆ ಯಾವಾಗ

ಅಕ್ಷರಗಳ ಹೆಸರನ್ನೂ ಅನುಕ್ರಮವನ್ನೂ ಮೊದಲು ಬಾಯಿಪಾಠ ಮಾಡಿಸಿ ಆಮೇಲೆ ರೂಪ ತೋರಿಸುವುದನ್ನು ಕ್ವಿಂಟಿಲಿಯನ್ ಒಪ್ಪುತ್ತಿರಲಿಲ್ಲ. ಮಗು ಅಕ್ಷರವನ್ನು ನೋಡದೆ ಸಾಲಿನ ಜೋರಿನಲ್ಲಿ ಕೂಗಿಕೊಂಡು ಹೋಗುತ್ತದೆ, ನಡುವಿನ ಒಂದನ್ನು ಬೆರಳಿಟ್ಟು ಕೇಳಿದರೆ ತಡವರಿಸುತ್ತದೆ ಎಂಬುದು ಅವನ ದೂರು. ಎಬಿಸಿಡಿ ಹಾಡು ಪೂರ್ತಿ ಬರುವ ಮಗುವಿಗೆ ‘ಕ್ಯು’ ತೋರಿಸಿ ನೋಡಿ, ಅವನ ಮಾತು ಎರಡು ಸಾವಿರ ವರ್ಷದ ಮೇಲೂ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಇನ್ನೊಂದು ತೊಡಕು: ‘ಎಚ್’, ‘ಡಬ್ಲ್ಯು’ ಎಂಬ ಹೆಸರುಗಳಿಗೂ ಆ ಅಕ್ಷರಗಳ ಉಚ್ಚಾರಕ್ಕೂ ಸಂಬಂಧವೇ ಇಲ್ಲ. ಆದ್ದರಿಂದ ಅಲ್ಲಿ ಹೆಸರಿಗಿಂತ ಮುಂಚೆ ಧ್ವನಿ ಕಲಿಸಬೇಕು. ಕನ್ನಡಕ್ಕೆ ಈ ಪೀಡೆ ಇಲ್ಲ, ‘ಗ’ದ ಹೆಸರೂ ‘ಗ’, ಧ್ವನಿಯೂ ‘ಗ’.

ಕನ್ನಡದ ಕಷ್ಟ ಬೇರೆ ಕಡೆಯಿದೆ. ವರ್ಣಮಾಲೆ 49 ಅಕ್ಷರ, ನಿಜ. ಆದರೆ ಪುಟದ ಮೇಲೆ ಕಾಣುವುದು ಕಾಗುಣಿತ ಮತ್ತು ಒತ್ತಕ್ಷರ ಸೇರಿ ನೂರಾರು ರೂಪ. ಕನ್ನಡ ಮಕ್ಕಳ ಓದಿನ ಮೇಲೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ, ಇಂಗ್ಲಿಷ್ ಅಕ್ಷರ ಕಲಿಯುವುದಕ್ಕಿಂತ ಇದಕ್ಕೆ ಹೆಚ್ಚು ಕಾಲ ಹಿಡಿಯುತ್ತದೆ, ಮೊದಲ ಒಂದೆರಡು ತರಗತಿಗಳಲ್ಲಿ ಅದು ಮುಗಿಯುವುದಿಲ್ಲ ಎಂದು ತೋರಿಸಿತು. ಪಕ್ಕದ ಮನೆಯ ಮಗು ಐದಕ್ಕೇ ಇಂಗ್ಲಿಷ್ ಓದುತ್ತದೆ, ನಮ್ಮದು ಕನ್ನಡದಲ್ಲಿ ಇನ್ನೂ ‘ಕೊ’ ‘ಕೋ’ ಎಂದು ತಡಕಾಡುತ್ತಿದೆ ಎಂದು ಕಂಗಾಲಾಗುವವರು ಇದನ್ನು ನೆನಪಿಡಬೇಕು.

‘ಅ ಆ ಇ ಈ’ ಎಂದೇ ಶುರುಮಾಡಬೇಕೆಂಬ ಕಟ್ಟಳೆಯೂ ಇಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಹುಟ್ಟಿ ಸರ್ಕಾರಿ ಶಾಲೆಗಳಿಗೆಲ್ಲ ಹರಡಿದ ನಲಿ-ಕಲಿಯಲ್ಲಿ ಅಕ್ಷರಗಳ ಮೊದಲ ಗುಂಪು ‘ರ ಗ ಸ ದ ಅ’. ಬರೆಯಲು ಸುಲಭ, ರೂಪದಲ್ಲಿ ಒಂದಕ್ಕೊಂದು ಹತ್ತಿರ. ಜೊತೆಗೆ ಐದೇ ಅಕ್ಷರದಲ್ಲಿ ಸರ, ಅರಸ, ಅಗಸ, ಗರಗಸ ಎಂಬ ಪೂರ್ತಿ ಪದಗಳು ಕೈಗೆ ಬರುತ್ತವೆ. ‘ಗರಗಸ’ ಎಂದು ತಾನೇ ಬಿಡಿಸಿ ಓದಿದ ಮಗುವಿನ ಮುಖ ನೋಡಿದವರು ವರ್ಣಮಾಲೆಯ ಪಟ್ಟಿಯನ್ನು ಗೋಡೆಯಿಂದ ಇಳಿಸುತ್ತಾರೆ. ಅನುಕ್ರಮ ಆಮೇಲೆ ಹಾಡಾಗಿ ಬರಲಿ, ನಿಘಂಟು ನೋಡುವ ವಯಸ್ಸಿಗೆ ಅದು ಬೇಕು.

ಶುರುಮಾಡುವ ಕಾಲ ಬಂತೆಂದು ತಿಳಿಯಲು ಒಂದು ಆಟ ಸಾಕು. ‘ಕಮಲ’ ಎಂದು ಹೇಳಿ ಮೂರು ಸಲ ಚಪ್ಪಾಳೆ ತಟ್ಟಿ: ಕ, ಮ, ಲ. ‘ಬಸವ’, ‘ಅವರೆ’, ‘ತಟ್ಟೆ’ಗಳಿಗೆ ಮಗು ತಾನೇ ಸರಿಯಾಗಿ ತಟ್ಟಿದರೆ, ‘ಮ’ದಿಂದ ಶುರುವಾಗುವ ಪದ ಹೇಳು ಎಂದಾಗ ‘ಮನೆ, ಮರ’ ಎಂದರೆ ಕಿವಿ ಸಿದ್ಧವಾಗಿದೆ. ಕೆಲವರಿಗೆ ಇದು ನಾಲ್ಕಕ್ಕೆ, ಕೆಲವರಿಗೆ ಐದೂವರೆಗೆ. ಆಮೇಲೆ ತಟ್ಟೆಯಲ್ಲಿ ಅಕ್ಕಿ ಅಥವಾ ರವೆ ಹರಡಿ, ಬೆರಳಲ್ಲಿ ಒಂದು ಅಕ್ಷರ ಬರೆದು, ಅದೇ ಉಸಿರಿನಲ್ಲಿ ಅದರ ಧ್ವನಿ ಹೇಳಿ. ವಿಜಯದಶಮಿಯ ದಿನ ಅಕ್ಷರಾಭ್ಯಾಸಕ್ಕೆ ಅಕ್ಕಿಯ ತಟ್ಟೆ ತೆಗೆದು ಮರುದಿನ ಎತ್ತಿಡುತ್ತೇವೆ, ಅದು ಆರು ತಿಂಗಳು ಅಲ್ಲೇ ಇರಲಿ. ಕ್ವಿಂಟಿಲಿಯನ್ನನ ಕೊರೆದ ಹಲಗೆ ಬೇಕೆಂದರೆ ಉಪ್ಪುಕಾಗದದಲ್ಲಿ ಅಕ್ಷರ ಕತ್ತರಿಸಿ ರಟ್ಟಿಗೆ ಅಂಟಿಸಿ, ಬೆರಳಾಡಿಸಲಿ. ಒಂದು ಸಲಕ್ಕೆ ಹತ್ತು ನಿಮಿಷ ದಾಟಬೇಡಿ.

ಬರೆಯುವ ಬೆರಳನ್ನು ಅಡುಗೆಮನೆ ತಯಾರು ಮಾಡುತ್ತದೆ. ಮಾಗಿಯಲ್ಲಿ ಹಿತಕಬೇಳೆ ಸಾರಿಗೆ ನೆನೆಸಿದ ಅವರೆಕಾಳನ್ನು ಮಗುವಿನ ಮುಂದಿಡಿ. ಹೆಬ್ಬೆರಳು ತೋರುಬೆರಳ ನಡುವೆ ಕಾಳು ಹಿಡಿದು ಒತ್ತಿ, ಸಿಪ್ಪೆಯಿಂದ ಬೇಳೆ ಚಿಮ್ಮಿಸುವ ಆ ಕೆಲಸಕ್ಕೆ ಸಮನಾದ ಕಸರತ್ತು ಯಾವ ಆಟಿಕೆಯಲ್ಲೂ ಇಲ್ಲ. ರಂಗೋಲಿ ಪುಡಿ ಬಿಡುವುದು, ಹೂ ಪೋಣಿಸುವುದು, ಚಪಾತಿ ಹಿಟ್ಟು ಉಂಡೆ ಕಟ್ಟುವುದು ಎಲ್ಲ ಅದೇ ಲೆಕ್ಕಕ್ಕೆ. ಇವೆಲ್ಲ ಆದ ಮೇಲೆ ಸ್ಲೇಟು-ಬಳಪ, ಪೆನ್ಸಿಲ್ಲು ಕೊನೆಗೆ.

ಎಣಿಕೆಗೆ ನನ್ನ ಮತ ಚನ್ನೆಮಣೆಗೆ. ಎರಡು ಸಾಲು, ಸಾಲಿಗೆ ಏಳರಂತೆ ಹದಿನಾಲ್ಕು ಗುಳಿ, ಗುಳಿಗೆ ಕೆಲವೆಡೆ ನಾಲ್ಕು ಕೆಲವೆಡೆ ಐದು ಕಾಳು. ಒಂದೊಂದೇ ಹಾಕುತ್ತಾ ಹೋಗುವುದರಲ್ಲಿ ಒಂದು ವಸ್ತುವಿಗೆ ಒಂದೇ ಎಣಿಕೆ ಎಂಬ ಮೂಲಪಾಠ ಇದೆ. ಆಟ ಮುಗಿದಾಗ ಯಾರ ಹತ್ತಿರ ಎಷ್ಟು ಹೆಚ್ಚು ಎಂಬ ವ್ಯವಕಲನವೂ. ನಾಲ್ಕಾರು ತಿಂಗಳು ಆಡಿದ ಮಗು ನಾಲ್ಕು ಕಾಳನ್ನು ಎಣಿಸದೆ ನೋಡಿಯೇ ಹೇಳುತ್ತದೆ. ಮನೆಯಲ್ಲಿ ಮೂರರೊಳಗಿನ ಕೂಸಿದ್ದರೆ ಹುಣಸೆಬೀಜ, ಕವಡೆಗಳನ್ನು ಎತ್ತರಕ್ಕಿಡಿ, ನೇರ ಬಾಯಿಗೇ ಹೋಗುತ್ತವೆ. ಮಗ್ಗಿ ರಾಗವಾಗಿ ಕಿವಿಗೆ ಬೀಳಬಹುದು, ಒಪ್ಪಿಸಬೇಕೆಂಬ ಒತ್ತಾಯ ಈಗ ಬೇಡ.

ದಿನ, ಭಾಷೆ, ಶಾಲೆ

ಇಷ್ಟಕ್ಕೆ ಎಷ್ಟು ಹೊತ್ತು ಬೇಕು? ಮೂರು ವರ್ಷದವರಿಗೆ ಕೂತು ಮಾಡುವ ಪಾಠ ಸೊನ್ನೆ. ನಾಲ್ಕಕ್ಕೆ ಹತ್ತು ನಿಮಿಷ, ಐದಕ್ಕೆ ಇಪ್ಪತ್ತು. ಓದಿ ಹೇಳುವುದು ಬೆಳಗ್ಗೆ ಸ್ವಲ್ಪ, ಮಲಗುವಾಗ ಸ್ವಲ್ಪ. ಉಳಿದದ್ದೆಲ್ಲ ಸ್ನಾನ, ಅಡುಗೆ, ಓಡಾಟದ ಒಳಗೇ ಸೇರಿಹೋಗುತ್ತದೆ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲೂ ಇದು ನಡೆಯುತ್ತದೆ, ಮಗುವನ್ನು ಅಂಗನವಾಡಿಗೋ ಪ್ಲೇಹೋಮಿಗೋ ಬಿಟ್ಟು ಬಂದರೂ ಅಡ್ಡಿಯಿಲ್ಲ. ಹಗಲು ನೋಡಿಕೊಳ್ಳುವ ಅಜ್ಜಿ ಅಥವಾ ಆಯಾ ಮಾತುಗಾರ್ತಿಯಾಗಿರಲಿ ಎಂಬ ಕ್ವಿಂಟಿಲಿಯನ್ನನ ದಾದಿ-ನಿಯಮ ಇಲ್ಲಿ ನೆನಪಿಗೆ ಬರಬೇಕು. ಇವತ್ತಿನ ದಾದಿ ಹಲವು ಮನೆಗಳಲ್ಲಿ ಮೊಬೈಲು. ಅದು ಮಾತಾಡುತ್ತದೆ, ಮಗು ಮಾತಾಡಿದರೆ ಕೇಳಿಸಿಕೊಳ್ಳುವುದಿಲ್ಲ. ಹೊರಗಿನ ಆಟಕ್ಕೆ ಶಾರ್ಲೆಟ್ ಮೇಸನ್ ಹವೆ ಚೆನ್ನಾಗಿದ್ದ ದಿನ ನಾಲ್ಕರಿಂದ ಆರು ಗಂಟೆ ಕೇಳುತ್ತಾರೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಒಂದೂವರೆ ಗಂಟೆ ಸಿಕ್ಕಿದರೂ ದೊಡ್ಡದು.

ಹೊರನಾಡ ಕನ್ನಡಿಗರು ಕೇಳುವ ಪ್ರಶ್ನೆ ಯಾವ ಭಾಷೆಯಲ್ಲಿ ಶುರುಮಾಡಬೇಕೆಂಬುದು. ಇದಕ್ಕೂ ಕ್ವಿಂಟಿಲಿಯನ್ನನ ಹತ್ತಿರ ಉತ್ತರವಿದೆ. ರೋಮಿನ ಹುಡುಗ ಗ್ರೀಕಿನಿಂದ ಶುರುಮಾಡಲಿ, ಲ್ಯಾಟಿನ್ ಸುತ್ತಲಿನವರೆಲ್ಲ ಆಡುವ ಭಾಷೆ, ಬೇಡವೆಂದರೂ ಬರುತ್ತದೆ ಎಂದ. ಡಲ್ಲಾಸಿನಲ್ಲೋ ಲಂಡನ್ನಿನಲ್ಲೋ ಬೆಳೆಯುವ ಮಗುವಿಗೆ ಇಂಗ್ಲಿಷ್ ಹಾಗೆ. ಕನ್ನಡವನ್ನು ಮನೆ ಕೊಡದಿದ್ದರೆ ಬೇರೆ ಯಾರೂ ಕೊಡುವುದಿಲ್ಲ. ಆದರೆ ಬಹಳ ದಿನ ಗ್ರೀಕೊಂದನ್ನೇ ಹಿಡಿದು ಕೂತು ಲ್ಯಾಟಿನ್ ಸೊರಗುವಂತೆ ಮಾಡಬೇಡಿ ಎಂದೂ ಅವನು ಸೇರಿಸಿದ್ದ. ಐದರ ಹೊತ್ತಿಗೆ ಇಂಗ್ಲಿಷ್ ಧ್ವನಿಗಳನ್ನೂ ಕಲಿಸಬೇಕು, ಎರಡೂ ಒಂದೇ ಹೊತ್ತಿನಲ್ಲಿ ಬೇಡ: ಬೆಳಗ್ಗೆ ಒಂದು, ಸಂಜೆ ಒಂದು.

ಈ ದಾರಿ ಎಲ್ಲ ಮಕ್ಕಳಿಗೂ ಒಂದೇ ಹದದಲ್ಲಿ ಹೊಂದುವುದಿಲ್ಲ. ಕಿವಿ ಮತ್ತು ಮಾತಿನ ಮೇಲೆ ಇಷ್ಟು ಭಾರ ಹಾಕುವುದರಿಂದ, ಮಾತು ತಡವಾದ ಮಗುವಿನ ಮನೆಯಲ್ಲಿ ಅದು ಬೇಗ ಗೊತ್ತಾಗುತ್ತದೆ. ಎರಡು ವರ್ಷವಾದರೂ ಎರಡು ಪದ ಕೂಡಿಸಿ ಆಡದಿದ್ದರೆ, ಕರೆದರೆ ತಿರುಗದಿದ್ದರೆ ‘ಗಂಡುಮಕ್ಕಳು ತಡ’ ಎಂದು ಕಾಯಬೇಡಿ. ಮಕ್ಕಳ ವೈದ್ಯರಿಗೆ ತೋರಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದೇ ಇಂಥ ತಪಾಸಣೆ, ಚಿಕಿತ್ಸೆಗಳಿಗೆ.

ಕಾನೂನಿನ ಭಯವೂ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುವುದು 6ರಿಂದ 14ರ ವಯಸ್ಸಿನವರ ಬಗ್ಗೆ. ಅದಕ್ಕಿಂತ ಚಿಕ್ಕವರನ್ನು ಮನೆಯಲ್ಲಿ ಇಟ್ಟುಕೊಂಡರೆ ಯಾರೂ ಕೇಳುವಂತಿಲ್ಲ. ಶಾಲೆಗೆ ಸೇರಿಸಿಕೊಳ್ಳುವಾಗ ಮಗುವನ್ನಾಗಲಿ ಪಾಲಕರನ್ನಾಗಲಿ ಪರೀಕ್ಷೆಗೆ ಒಳಪಡಿಸಬಾರದು ಎಂದು ಅದೇ ಕಾಯ್ದೆಯ 13ನೇ ಸೆಕ್ಷನ್ ಹೇಳುತ್ತದೆ. ಆದರೂ ಕೆಲವು ಖಾಸಗಿ ಶಾಲೆಗಳು ‘ಸುಮ್ಮನೆ ಮಾತಾಡಿಸುತ್ತೇವೆ’ ಎಂದು ಮಗುವನ್ನು ಒಳಗೆ ಕರೆಯುತ್ತವೆ. ಕರೆದರೆ ಕಳಿಸಿ. ನೂರರವರೆಗೆ ಬರೆದು ತೋರಿಸಲು ನಿಮ್ಮ ಮಗುವಿಗೆ ಬಾರದಿರಬಹುದು. ಹೆಸರು ಕೇಳಿದರೆ ಮಾತ್ರ ಗಟ್ಟಿಯಾಗಿ ಹೇಳುತ್ತದೆ, ಕಥೆ ಕೇಳಿದರೆ ಕೋತಿ-ಮೊಸಳೆಯಿಂದ ಶುರುಮಾಡುತ್ತದೆ, ಆಮೇಲೆ ಅದನ್ನು ನಿಲ್ಲಿಸುವ ಜವಾಬ್ದಾರಿ ಆ ಮೇಡಮ್ಮಿನದು.